ಫಾರಂ ತುಂಬಿದವನೇ ಪ್ರತಿಭಾವಂತ

ನವೋದಯ ವಿದ್ಯಾಲಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಮಗು ಕೂರಬಹುದಾದದ್ದು ಒಂದೇ ಸಲ, ಅದೂ ಐದನೇ ತರಗತಿಯಲ್ಲಿ ಓದುತ್ತಿರುವಾಗ. ಆ ವರ್ಷ ಅರ್ಜಿ ತಪ್ಪಿದರೆ ಬರುವ ವರ್ಷ ನೋಡೋಣ ಎನ್ನುವ ಮಾತಿಲ್ಲ. ಅರ್ಜಿ ಹಾಕುವ ಕಾಲ ಸಾಮಾನ್ಯವಾಗಿ ಮಳೆಗಾಲ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ರಾಯಿಕೋಡ್ ಮಂಡಲದ ಹಳ್ಳಿಗಳಲ್ಲಿ ಆಗ ಅಪ್ಪ ಹೆಸರಿನ ರಾಶಿಯಲ್ಲಿರುತ್ತಾನೆ, ಅವ್ವ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗಿರುತ್ತಾಳೆ. ಅರ್ಜಿ ಆನ್‌ಲೈನ್. ಕೊನೆಯ ದಿನಾಂಕ ಯಾವುದೋ ಮೊಬೈಲಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದು ಹೋಗಿರುತ್ತದೆ. ಪರೀಕ್ಷೆ ಮುಗಿದು ಫಲಿತಾಂಶ ಬಂದಾಗ ಪೇಟೆಯ ಕೋಚಿಂಗ್ ಸೆಂಟರಿನ ಬ್ಯಾನರಿನಲ್ಲಿ ಒಂದಷ್ಟು ಮುಖಗಳು ಕಾಣುತ್ತವೆ. ಪರೀಕ್ಷೆಯನ್ನೇ ಬರೆಯದ ಮಕ್ಕಳ ಮುಖ ಯಾವ ಬ್ಯಾನರಿನಲ್ಲೂ ಇರುವುದಿಲ್ಲ.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸರ್ಕಾರಿ ಶಾಲೆಯ ಚುರುಕು ಮಕ್ಕಳಿಗೆಂದು ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. ಬರ ಇರುವುದು ಮಕ್ಕಳನ್ನು ಹುಡುಕುವವರಿಗೆ. ಹುಡುಕುವ ಕೆಲಸವನ್ನು ಶಿಕ್ಷಣ ಇಲಾಖೆ ಸದ್ದಿಲ್ಲದೆ ಪಾಲಕರ ಹೆಗಲಿಗೆ ದಾಟಿಸಿದೆ. ಓದು ಬಾರದ ತಾಯಿಗೆ ಪೋರ್ಟಲ್ ತೋರಿಸಿ, ಅವಳು ಅದನ್ನು ತೆರೆಯದಿದ್ದರೆ ಮಗುವಿನಲ್ಲಿ ಪ್ರತಿಭೆ ಇಲ್ಲವೆಂದು ಲೆಕ್ಕ ಹಾಕುವ ಈ ಪದ್ಧತಿ ತಪ್ಪು. ಇದರ ದೋಷ ಪಾಲಕರದ್ದಲ್ಲ.

ಈ ಸೀಮೆಗೆ ಅವಕಾಶ ತಪ್ಪುವುದು ಹೊಸದೇನಲ್ಲ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೇ ತಿದ್ದುಪಡಿ 350ಎ ವಿಧಿಯನ್ನು ತಂದಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು. ಗಡಿ ಎಳೆದ ಕೈಯೇ ಭರವಸೆಯನ್ನೂ ಬರೆದಿತ್ತು. ಗಡಿ ಗಟ್ಟಿಯಾಗಿ ನಿಂತಿತು. ಭರವಸೆ ಏನಾಯಿತು ಎಂಬುದನ್ನು ಇಲ್ಲಿನ ಶಾಲೆಗಳ ಕೋಣೆ ಹೊಕ್ಕು ನೋಡಬೇಕು. 2018ರ ಕಾಯ್ದೆ ತೆಲಂಗಾಣದ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ಮಾಡಿತು. 2022–23ರಿಂದ ಸರ್ಕಾರಿ ಶಾಲೆಗಳ ಒಂದರಿಂದ ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಬಂತು. ಮನೆಯಲ್ಲಿ ಕನ್ನಡ, ಬಯಲಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್. ರಾಯಿಕೋಡಿನ ಹತ್ತು ವರ್ಷದ ಮಗು ದಿನಕ್ಕೆ ನಾಲ್ಕು ಭಾಷೆಗಳ ಹೊಸ್ತಿಲು ದಾಟುತ್ತದೆ. ಇದನ್ನು ಸಾಮರ್ಥ್ಯ ಎಂದು ಎಣಿಸುವ ಪರೀಕ್ಷೆಯನ್ನು ಯಾರೂ ಇನ್ನೂ ಮಾಡಿಲ್ಲ. ಎರಡನೇ ಭಾಷೆಯಲ್ಲಿ ತಡವರಿಸಿತು ಎಂದು ಅಂಕ ಕಳೆಯುವ ಪರೀಕ್ಷೆಗಳು ಬೇಕಾದಷ್ಟಿವೆ.

ಹಾಗೆಂದು ಈ ನಾಡಿನಲ್ಲಿ ಹಳ್ಳಿಯ ಜಾಣ ಮಕ್ಕಳ ಬಗ್ಗೆ ಯಾರೂ ಯೋಚಿಸಲೇ ಇಲ್ಲ ಎಂದರೆ ಅನ್ಯಾಯದ ಮಾತಾಗುತ್ತದೆ. 1971ರ ನವೆಂಬರಿನಲ್ಲಿ ಪಿ.ವಿ. ನರಸಿಂಹ ರಾವ್ ಮುಖ್ಯಮಂತ್ರಿಯಾಗಿದ್ದಾಗ ನಲ್ಗೊಂಡ ಜಿಲ್ಲೆಯ ಸರ್ವೇಲ್‌ನಲ್ಲಿ ಮೊದಲ ಗುರುಕುಲ ಶಾಲೆ ತೆರೆಯಿತು. ಹಳ್ಳಿಯ ಬಡ, ಬುದ್ಧಿವಂತ ಮಕ್ಕಳನ್ನು ಆರಿಸಿ ತಂದು ಓದಿಸುವುದು ಅದರ ಉದ್ದೇಶ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅದೇ ಯೋಚನೆಯನ್ನು ನವೋದಯದ ಹೆಸರಿನಲ್ಲಿ ದೇಶದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿಸಿತು. ಅದಕ್ಕೂ ಮೊದಲೇ, 1963ರಲ್ಲಿ, ಎನ್‌ಸಿಇಆರ್‌ಟಿಯ ಪ್ರತಿಭಾ ಶೋಧ ಪರೀಕ್ಷೆ ದೆಹಲಿಯಲ್ಲಿ ಶುರುವಾಗಿತ್ತು. ನಮ್ಮ ತಲೆಮಾರಿನ ಮಾಸ್ತರರಿಗೆ ಜಾಣ ಹುಡುಗ ಎಂದರೆ ಆ ಪರೀಕ್ಷೆ ಪಾಸಾದವನು. ಅದಕ್ಕಿದ್ದ ಅನುಮೋದನೆ 2021ರ ಮಾರ್ಚ್ 31ಕ್ಕೆ ಮುಗಿಯಿತು. ಕೇಂದ್ರ ಅದನ್ನು ಮುಂದುವರಿಸಲಿಲ್ಲ. ಸುಧಾರಿಸಿ ಮತ್ತೆ ತರುತ್ತೇವೆ ಎಂಬ ಮಾತು ಕೇಳಿಬಂತು, ಪರೀಕ್ಷೆ ಬರಲಿಲ್ಲ. 2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಇಸ್ರೊ ಅಂಗಳದಿಂದ ‘ಧ್ರುವ’ ಎಂಬ ಕಾರ್ಯಕ್ರಮ ಆರಂಭವಾಯಿತು. ಇಡೀ ದೇಶದಿಂದ ಅದಕ್ಕೆ ಆರಿಸಿದ ಮಕ್ಕಳು 60. ಮರುವರ್ಷದ ಹೊಸ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗಾಗಿಯೇ ಕೆಲವು ಪ್ಯಾರಾ ಮೀಸಲಿಟ್ಟು, ಶಿಕ್ಷಕರಿಗೆ ಬಿ.ಇಡಿಯಲ್ಲೇ ಈ ಬಗ್ಗೆ ತರಬೇತಿ ಕೊಡಬಹುದು ಎಂದಿತು. ಕಾಗದದಲ್ಲಿ ಎಲ್ಲವೂ ಇದೆ.

ಪಾಲಕರ ಅರಿವನ್ನೇ ನೆಚ್ಚಿಕೊಂಡು ಪ್ರತಿಭೆ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಸಾಕ್ಷ್ಯ ಇದೆ. ಅಮೆರಿಕದ ಫ್ಲೋರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಮೊದಲು ತಾಯಿತಂದೆಯರೋ ಶಿಕ್ಷಕರೋ ಹೆಸರು ಸೂಚಿಸಿದ ಮಕ್ಕಳನ್ನಷ್ಟೇ ವಿಶೇಷ ತರಗತಿಗೆ ಪರೀಕ್ಷಿಸುತ್ತಿದ್ದರು. 2005ರಲ್ಲಿ ಆ ಪದ್ಧತಿ ಬಿಟ್ಟು ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷೆಗೆ ಕೂರಿಸಿದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜಿಯುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಬರೆದರು: ಬಡವರ, ಕಪ್ಪು ಜನರ, ಇಂಗ್ಲಿಷ್ ಮನೆಮಾತಲ್ಲದವರ ಮಕ್ಕಳ ಸಂಖ್ಯೆ ಎದ್ದು ಕಾಣುವಷ್ಟು ಏರಿತ್ತು. ಆ ಮಕ್ಕಳು ಹಿಂದೆಯೂ ಅದೇ ಬೆಂಚುಗಳ ಮೇಲೆ ಕೂತಿದ್ದವರೇ, ಅವರ ಹೆಸರು ಹೇಳುವವರು ಇರಲಿಲ್ಲ ಅಷ್ಟೆ. ಮುಂದೆ ದುಡ್ಡಿಲ್ಲವೆಂದು ಆ ಪರೀಕ್ಷೆ ನಿಂತಾಗ ಅಂತರ ಮತ್ತೆ ಮೊದಲಿನಂತಾಯಿತು. ನಮ್ಮ ಮಂಡಲಗಳು ಫ್ಲೋರಿಡಾ ಅಲ್ಲ, ಒಪ್ಪಿದೆವು. ಆದರೆ ರಾಯಿಕೋಡಿನಲ್ಲಿ ಇವತ್ತು ನಡೆಯುತ್ತಿರುವುದು 2005ಕ್ಕೆ ಮುಂಚಿನ ಫ್ಲೋರಿಡಾದ ಪದ್ಧತಿಯೇ.

ಶಿಕ್ಷಕರಿಗೂ ಒಂದು ಮಾತು ಇದೆ. ಜಾಣ ಮಗು ಎಂದರೆ ನೋಟ್‌ಬುಕ್ ಮುತ್ತಿನಂತೆ ಬರೆಯುವ, ಮೊದಲ ಬೆಂಚಿನಲ್ಲಿ ಕೈಕಟ್ಟಿ ಕೂರುವ ಮಗು ಎಂಬ ಭ್ರಮೆ ಇನ್ನೂ ಹೋಗಿಲ್ಲ. ಸ್ಟಾನ್‌ಫರ್ಡಿನ ಲೂಯಿಸ್ ಟರ್ಮನ್ 1921ರಲ್ಲಿ ಸಾವಿರಾರು ಮಕ್ಕಳನ್ನು ಅಳೆದು ಅತಿ ಬುದ್ಧಿವಂತರ ಗುಂಪು ಕಟ್ಟಿದ. ಅವನ ಜರಡಿಯಿಂದ ಕೆಳಗೆ ಬಿದ್ದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು. ಬುದ್ಧಿ ಅಳೆಯುವುದನ್ನೇ ಕಸುಬು ಮಾಡಿಕೊಂಡವನೇ ಹೀಗೆ ಎಡವಿದ್ದಾನೆ. ನಾವು ಇನ್ನೂ ಎಚ್ಚರವಾಗಿರಬೇಕು. ಗಡಿಯ ಹಳ್ಳಿಯಲ್ಲಿ ಚುರುಕು ಮಗುವನ್ನು ಗುರುತಿಸಲು ಬೇರೆ ಕಡೆ ನೋಡಬೇಕಾಗುತ್ತದೆ. ದವಾಖಾನೆಯಲ್ಲಿ ಡಾಕ್ಟರರ ತೆಲುಗನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ, ಅಜ್ಜಿಯ ನೋವನ್ನು ತೆಲುಗಿನಲ್ಲಿ ಡಾಕ್ಟರರಿಗೆ ತಿರುಗಿಸುವ ಮಗು ಯಾವುದು? ಕಬ್ಬಿನ ಕಾಟಾದ ಚೀಟಿ ನೋಡಿ, ಎಷ್ಟು ಟನ್ನಿಗೆ ಎಷ್ಟು ಬರಬೇಕು, ಎಷ್ಟು ಮುರಿದುಕೊಂಡಿದ್ದಾರೆ ಎಂದು ಅಪ್ಪನಿಗೆ ಬಾಯಲ್ಲೇ ಹೇಳುವ ಮಗು ಯಾವುದು? ಪಾಠದ ನಡುವೆ ಎದ್ದು ‘ಯಾಕೆ ಸಾರ್’ ಎಂದು ಕೇಳಿ ಬೈಸಿಕೊಳ್ಳುವ ಮಗು? ಇಂಥ ಮಕ್ಕಳು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಮಾಸ್ತರರಿಗೆ ಅವರು ತಲೆನೋವು. ಆ ತಲೆನೋವಿನ ಹೆಸರನ್ನೇ ಮೊದಲು ಪಟ್ಟಿಯಲ್ಲಿ ಬರೆಯಿರಿ.

ಇನ್ನು ಪಾಲಕರು ಕಿವಿಗೊಟ್ಟು ಕೇಳಬೇಕಾದ ಸಂಗತಿ. ಸಾಲ ಮಾಡಿಯಾದರೂ ಮಗುವನ್ನು ಜಹೀರಾಬಾದಿನ ಕಾನ್ವೆಂಟಿಗೆ ಹಾಕುವುದೇ ದೊಡ್ಡ ತ್ಯಾಗ ಎಂದು ಈ ಭಾಗದಲ್ಲಿ ನಂಬಿಕೆ ಬೆಳೆದಿದೆ. ಹಳದಿ ಬಸ್ಸು ಊರೊಳಗೆ ಬಂದು ಹಾರ್ನ್ ಹೊಡೆದರೆ ಮನೆಯ ಮರ್ಯಾದೆ ಹೆಚ್ಚಿದಂತೆ. ಆ ಬಸ್ಸು ಹತ್ತಿದ ದಿನ ಮಗು ಏನೇನು ಕಳೆದುಕೊಳ್ಳುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನವೋದಯದ 80 ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಆದರೆ ಗ್ರಾಮೀಣ ಎನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ಮುಂದೆ ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಯ ಮಗುವಿಗೆ ಅದರ ಬಾಗಿಲು ಮುಚ್ಚಿದೆ. ಹತ್ತನೇ ತರಗತಿ ಮುಗಿದ ಮೇಲೆ ಬಾಸರದ ಆರ್‌ಜಿಯುಕೆಟಿ ಇದೆ. 2008ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ ಹಳ್ಳಿಯ ಮಕ್ಕಳನ್ನು ನೇರವಾಗಿ ಆರು ವರ್ಷದ ಎಂಜಿನಿಯರಿಂಗಿಗೆ ಸೇರಿಸಿಕೊಳ್ಳುತ್ತದೆ. ವಸತಿರಹಿತ ಸರ್ಕಾರಿ ಮತ್ತು ಜಿಲ್ಲಾ ಪರಿಷತ್ ಶಾಲೆಯಲ್ಲಿ ಓದಿದವರಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಅಲ್ಲಿದೆ. ಫೀಸು ಕಟ್ಟಿ ಕೈಯಾರೆ ಬಿಟ್ಟುಕೊಡುವ ಹಕ್ಕುಗಳು ಇವು. ಹಳ್ಳಿಯ ಸರ್ಕಾರಿ ಶಾಲೆಯೇ ಸ್ವರ್ಗವೆಂದು ನಾವು ಹೇಳುತ್ತಿಲ್ಲ. ಅಲ್ಲಿ ಮಾಸ್ತರರು ಇಲ್ಲದಿರಬಹುದು, ಎರಡು ತರಗತಿ ಒಂದೇ ಕೋಣೆಯಲ್ಲಿರಬಹುದು. ಆದರೆ ಬಿಟ್ಟು ಹೋಗುವ ಮುನ್ನ ಏನನ್ನು ಬಿಡುತ್ತಿದ್ದೇವೆ ಎಂಬುದಾದರೂ ಗೊತ್ತಿರಬೇಕು. ಅದನ್ನು ಹೇಳಬೇಕಾದ ಇಲಾಖೆ, ತನ್ನ ಶಾಲೆಗಳು ಖಾಲಿಯಾಗುತ್ತಿವೆ ಎಂದು ಗೊಣಗುವ ಅದೇ ಇಲಾಖೆ, ಬಾಯಿ ಬಿಡುವುದಿಲ್ಲ. ಇದು ನಿರ್ಲಕ್ಷ್ಯಕ್ಕಿಂತ ಕೆಟ್ಟದ್ದು, ಮೂರ್ಖತನ.

ಯಾವ ಪರೀಕ್ಷೆ ಯಾವಾಗ ಎಂಬ ಲೆಕ್ಕ ನಾಲ್ಕನೇ ತರಗತಿಯಿಂದಲೇ ಶುರುವಾಗುತ್ತದೆ. ಎಸ್‌ಸಿ, ಎಸ್‌ಟಿ, ಬಿಸಿ ಮತ್ತು ಸಾಮಾನ್ಯ ಗುರುಕುಲಗಳ ಐದನೇ ತರಗತಿಗೆ ಒಂದೇ ಸಾಮಾನ್ಯ ಪ್ರವೇಶ ಪರೀಕ್ಷೆ. ಹಳ್ಳಿಯವರಿಗೆ ವರ್ಷದ ಆದಾಯದ ಮಿತಿ 1.5 ಲಕ್ಷ ರೂಪಾಯಿ. ಆದಾಯದ ಪತ್ರ, ಕುಲದ ಪತ್ರ ಮೀಸೇವಾ ಕೇಂದ್ರದಿಂದ ಬರಬೇಕು, ತಹಸೀಲ್ದಾರರ ಕಚೇರಿಯಲ್ಲಿ ಅದು ಎಷ್ಟು ದಿನ ಕೂರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರಕಟಣೆ ಬಂದ ಮೇಲೆ ಓಡಿದರೆ ತಡವಾಗುತ್ತದೆ, ಮೊದಲೇ ಮಾಡಿಸಿಟ್ಟುಕೊಳ್ಳಿ. ಈ ಪರೀಕ್ಷೆಯಲ್ಲಿ ತೆಲುಗು ಭಾಷೆಯ ಪ್ರಶ್ನೆಗಳಿವೆ. ಮನೆಯಲ್ಲಿ ಕನ್ನಡವಾಡುವ ಮಗು ಎಡವುವುದು ಇಲ್ಲೇ. ಒಂದು ವರ್ಷ ಮುಂಚೆ ತಿಳಿದರೆ ನಾಲ್ಕನೇ ತರಗತಿಯ ತೆಲುಗು ಪುಸ್ತಕವನ್ನು ದಾಟುವುದು ಚುರುಕು ಮಗುವಿಗೆ ಕಷ್ಟವಲ್ಲ, ಒಂದು ವಾರ ಮುಂಚೆ ತಿಳಿದರೆ ಕಷ್ಟ.

ನವೋದಯದ ವಿಷಯದಲ್ಲಿ ಗಡಿಯ ಪಾಲಕರು ಸುಮ್ಮನೆ ಹೆದರುತ್ತಾರೆ. ಎರಡು ತಾಸಿನ ಆ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆಗಳು, ಅಂದರೆ 50 ಅಂಕ, ಚಿತ್ರಗಳ ಮೇಲೆ ನಿಂತಿವೆ: ಯಾವ ಆಕೃತಿ ಬೇರೆ, ಮುಂದಿನದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ. ಅಲ್ಲಿ ಭಾಷೆಯ ಗೊಡವೆ ಇಲ್ಲ. ಗಣಿತಕ್ಕೆ 25, ಭಾಷೆಗೆ 25. ಭಾಷೆಯ ಗೋಡೆ ಅಡ್ಡ ಇದೆ ಎಂದು ಅರ್ಜಿಯನ್ನೇ ಹಾಕದವರು ಈ ಲೆಕ್ಕವನ್ನು ಒಮ್ಮೆ ನೋಡಲಿ. ಅರ್ಜಿ ತುಂಬುವಾಗ ಪರೀಕ್ಷೆಯ ಭಾಷೆ ಯಾವುದೆಂಬ ಅಂಕಣವನ್ನು ಮೀಸೇವಾದ ಹುಡುಗನಿಗೆ ಬಿಟ್ಟುಕೊಡಬೇಡಿ, ಎದುರಿಗೆ ನಿಂತು ಕೇಳಿ, ಮಗು ಓದುತ್ತಿರುವ ಮಾಧ್ಯಮವನ್ನು ಹೇಳಿ ತುಂಬಿಸಿ. ಇನ್ನೊಂದು ಕಹಿ ಸತ್ಯ: ಬೀದರ್ ಕೂಗಳತೆಯಲ್ಲಿದ್ದರೂ ನಮ್ಮ ಮಗು ಬೀದರ್ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುವಂತಿಲ್ಲ, ಓದುತ್ತಿರುವ ಜಿಲ್ಲೆಯದ್ದೇ ಆಗಬೇಕು. ಹಳೆಯ ಮೇದಕ್ ಜಿಲ್ಲೆಯ ನವೋದಯ ಇರುವುದು ವರ್ಗಲ್‌ನಲ್ಲಿ, ಅದು ಈಗ ಸಿದ್ದಿಪೇಟೆ ಜಿಲ್ಲೆ. 2016ರಲ್ಲಿ ಸಂಗಾರೆಡ್ಡಿ ಬೇರೆ ಜಿಲ್ಲೆಯಾಗಿ, ಎಂಟು ವರ್ಷ ಕಳೆದ ಮೇಲೆ, 2024ರ ಡಿಸೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ 28 ಹೊಸ ನವೋದಯಗಳ ಪಟ್ಟಿಯಲ್ಲಿ ಸಂಗಾರೆಡ್ಡಿಯ ಹೆಸರು ಬಂತು. ಎಂಟು ವರ್ಷವೆಂದರೆ ಐದನೇ ತರಗತಿಯ ಎಂಟು ತಂಡ.

ಎನ್‌ಎಂಎಂಎಸ್ ಬಗ್ಗೆ ಇಷ್ಟು ಗೊತ್ತಿರಲಿ. 2008ರಿಂದ ನಡೆದಿರುವ ಈ ಕೇಂದ್ರ ಯೋಜನೆಯಲ್ಲಿ ವರ್ಷಕ್ಕೆ ದೇಶದಲ್ಲಿ ಒಂದು ಲಕ್ಷ ಮಕ್ಕಳಿಗೆ ಅವಕಾಶ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ 5 ರಿಯಾಯಿತಿ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ದಾಟಬಾರದು. ಪರೀಕ್ಷೆ ಎರಡು ಪತ್ರಿಕೆಯದ್ದು, ಒಂದೊಂದರಲ್ಲಿ 90 ಪ್ರಶ್ನೆ. ಗುರುಕುಲದಂಥ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ, ಆದ್ದರಿಂದ ಗುರುಕುಲದ ಸೀಟು ಸಿಗಲಿಲ್ಲ ಎಂದು ಅತ್ತ ಮನೆಗೂ ಇಲ್ಲೊಂದು ದಾರಿ ಉಳಿದಿದೆ. ಆದರೆ ಪರೀಕ್ಷೆ ಪಾಸಾದ ಮೇಲೂ ದುಡ್ಡು ಬಾರದೆ ಹೋಗುವುದುಂಟು. ರಾಷ್ಟ್ರೀಯ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕು, ಪ್ರತಿ ವರ್ಷ ನವೀಕರಿಸಬೇಕು, ಆಧಾರಿನ ಹೆಸರೂ ಶಾಲೆಯ ದಾಖಲೆಯ ಹೆಸರೂ ಅಕ್ಷರ ತಪ್ಪದೆ ಒಂದೇ ಇರಬೇಕು. ಗಡಿನಾಡಿನಲ್ಲಿ ಇದು ಸಣ್ಣ ಮಾತಲ್ಲ. ಕನ್ನಡದ ಹೆಸರನ್ನು ತೆಲುಗು ಮಾಸ್ತರರು ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾರೆ, ಆಧಾರಿನವರು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಹೊಡೆದಿರುತ್ತಾರೆ. ಒಂದನೇ ತರಗತಿಯಲ್ಲಿ ಬಿದ್ದ ಆ ತಪ್ಪಿಗೆ ಒಂಬತ್ತನೇ ತರಗತಿಯಲ್ಲಿ ದಂಡ ತೆರಬೇಕು.

ಗಡಿಯಾಚೆಯ ನಮ್ಮ ಕನ್ನಡ ಬಂಧುಗಳನ್ನೂ ಬಿಡುವಂತಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ 371ಜೆ ವಿಧಿ ಬಂದು ಬೀದರ್, ಕಲಬುರಗಿ ಸೇರಿ ಹಿಂದಿನ ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ ಮೀಸಲಾತಿ ಸಿಕ್ಕಿತು. ಸಿಕ್ಕಿದ್ದು ನ್ಯಾಯವೇ. ಆದರೆ ಅದೇ ಬೀದರ್ ಜಿಲ್ಲೆಯಿಂದ 1956ರಲ್ಲಿ ಕತ್ತರಿಸಿಹೋದ ಹಳ್ಳಿಗಳ ಮಕ್ಕಳಿಗೆ ಆ ಬಾಗಿಲು ಇಲ್ಲ. ತೆಲಂಗಾಣದಲ್ಲಿ ಅವರು ಸ್ಥಳೀಯರು, ಅಲ್ಲಿನ ಹಕ್ಕು ಅವರಿಗುಂಟು, ಅದನ್ನು ಮರೆಮಾಚುವುದಿಲ್ಲ. ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಕಾಯ್ದೆಯ ಬಲ ಬಂದದ್ದು 2010ರಲ್ಲಿ. ಆದರೂ ಗಡಿಯ ಕನ್ನಡವೆಂದರೆ ಭವನ, ಬಾವುಟ, ನವೆಂಬರಿನ ಮೆರವಣಿಗೆ, ಶಾಲು ಹೊದಿಸಿ ಫೋಟೊ ಎಂಬ ರೂಢಿ ನಮ್ಮ ಸಂಘಗಳನ್ನು ಬಿಟ್ಟಿಲ್ಲ. ಒಂದು ಮೆರವಣಿಗೆಯ ಖರ್ಚಿನಲ್ಲಿ ಒಂದು ಮಂಡಲದ ಐದನೇ ತರಗತಿಯ ಮಕ್ಕಳಿಗೆಲ್ಲ ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಚ್ಚು ಹಾಕಿಸಿ ಹಂಚಬಹುದು. ಬೀದರಿನ ನಿವೃತ್ತ ಗಣಿತ ಮಾಸ್ತರರೊಬ್ಬರು ಪ್ರತಿ ಭಾನುವಾರ ಬಸ್ಸು ಹತ್ತಿ ಬಂದರೆ ಸಾಕು, ಬೇರೆ ಪ್ರತಿಭಾ ಕೇಂದ್ರ ಬೇಕಿಲ್ಲ. ಮಾದರಿಗಳೂ ದೂರವಿಲ್ಲ. ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಈ ಕೆಲಸದಲ್ಲಿದೆ, ಬೆಂಗಳೂರಿನ ನಿಯಾಸ್ ಸಂಸ್ಥೆ ಪ್ರತಿಭಾವಂತ ಮಕ್ಕಳ ಶಿಕ್ಷಣದ ಮೇಲೆ ವರ್ಷಗಟ್ಟಲೆ ದುಡಿದಿದೆ. ಅವರ ಅನುಭವ ಗಡಿಗೆ ಬರಲು ಯಾರೋ ಒಬ್ಬರು ಪತ್ರ ಬರೆಯಬೇಕು.

ಪಾಲಕರಿಗೂ ಕಟುವಾಗಿ ಹೇಳುವುದಿದೆ. ಹತ್ತು ವರ್ಷದ ಮಗುವನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಕೋಚಿಂಗಿಗೆ ಅಟ್ಟುವುದು, ಸೀಟು ಸಿಗದಿದ್ದಾಗ ನೆರೆಯವರ ಮಗುವಿನ ಹೆಸರು ಹೇಳಿ ಹಂಗಿಸುವುದು ಪ್ರತಿಭೆಗೆ ನೀರೆರೆಯುವ ಕೆಲಸವಲ್ಲ. ಎಂಬತ್ತು ಸೀಟಿಗೆ ಸಾವಿರಾರು ಮಕ್ಕಳು ಬರೆಯುತ್ತಾರೆ, ಬಹುಪಾಲು ಮಕ್ಕಳು ಮನೆಗೆ ಮರಳುತ್ತಾರೆ, ಮರಳಿದವರು ದಡ್ಡರಲ್ಲ. ಮಗ ಆದರೆ ನವೋದಯ ಹತ್ತಿರ, ಮಗಳಾದರೆ ದೂರ ಎನ್ನುವ ಲೆಕ್ಕವನ್ನಂತೂ ನಾವು ಒಪ್ಪುವುದಿಲ್ಲ. ನವೋದಯದಲ್ಲಿ ಮೂರರಲ್ಲಿ ಒಂದು ಸೀಟು ಹೆಣ್ಣುಮಕ್ಕಳಿಗೇ ಮೀಸಲು. ನಿಮ್ಮ ಮಗಳು ಕೂರದಿದ್ದರೆ ಅದರಲ್ಲಿ ಇನ್ನೊಬ್ಬರ ಮಗಳು ಕೂರುತ್ತಾಳೆ.

ಶಿಕ್ಷಣ ಇಲಾಖೆ ಮಾಡಬೇಕಾದ ಕೆಲಸಕ್ಕೆ ಹೊಸ ಕಾಯ್ದೆ ಬೇಡ, ಹೊಸ ಅನುದಾನವೂ ಬೇಡ. ಸರ್ಕಾರಿ ಶಾಲೆಯ ನಾಲ್ಕು, ಐದು ಮತ್ತು ಎಂಟನೇ ತರಗತಿಯ ಪ್ರತಿ ಅರ್ಹ ಮಗುವಿನ ಅರ್ಜಿಯನ್ನೂ ಹೆಡ್ ಮಾಸ್ತರರೇ ತುಂಬಿಸಬೇಕು. ಬೇಡ ಎನ್ನುವ ಪಾಲಕರು ಬರೆದುಕೊಡಲಿ. ಇವತ್ತು ಬೇಕು ಎನ್ನುವವರು ಅಲೆಯುತ್ತಿದ್ದಾರೆ, ಇದನ್ನು ತಿರುಗಿಸಿ ಹಾಕಬೇಕು. ಮಕ್ಕಳ ಹೆಸರು, ಹುಟ್ಟಿದ ದಿನ, ಆಧಾರ್ ಎಲ್ಲವೂ ಶಾಲೆಯಲ್ಲೇ ಇವೆ. ಬಿಸಿಯೂಟದ ಲೆಕ್ಕವನ್ನು ದಿನಾ ಮೇಲಕ್ಕೆ ಕಳಿಸಬಲ್ಲ ಇಲಾಖೆಗೆ ವರ್ಷಕ್ಕೆ ಮೂರು ಸಲ ಈ ಪಟ್ಟಿ ಕಳಿಸುವುದು ಭಾರವಾಗದು. ಯಾವ ಶಾಲೆಯಿಂದ ಎಷ್ಟು ಮಕ್ಕಳು ಪಾಸಾದರು ಎಂಬ ಹೊಗಳಿಕೆಯ ಜೊತೆಗೆ ಎಷ್ಟು ಮಕ್ಕಳು ಪರೀಕ್ಷೆಯನ್ನೇ ಬರೆಯಲಿಲ್ಲ ಎಂಬ ಸಂಖ್ಯೆಯನ್ನೂ ಮಂಡಲ ಶಿಕ್ಷಣಾಧಿಕಾರಿ (ಎಂಇಒ) ಕಚೇರಿಯ ಹಲಗೆಯ ಮೇಲೆ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಬರೆಸಬೇಕು.

ಬರೆಸದಿದ್ದರೆ ಪಾಲಕರು ಕೇಳಲಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ, 30 ದಿನದೊಳಗೆ ಉತ್ತರ ಕೊಡಲೇಬೇಕು. ಬಿಳಿ ಹಾಳೆಯ ಮೇಲೆ ಎರಡು ಸಾಲು ಸಾಕು: ನಮ್ಮ ಮಂಡಲದ ಸರ್ಕಾರಿ ಶಾಲೆಗಳ ಐದನೇ ತರಗತಿಯಲ್ಲಿ ಕಳೆದ ವರ್ಷ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಮಕ್ಕಳು ನವೋದಯ ಪರೀಕ್ಷೆ ಬರೆದರು. ಅರ್ಜಿ ಕೊಟ್ಟು ಬರುವಾಗ ಇನ್ನೊಂದು ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ.